ಅವುಡುಗಚ್ಚಿಕೊಂಡೇ ಬದುಕುವವನ ದವಡೆ ಮಸಾಜ್: 14 ತಿಂಗಳ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನಾನು ಈಗಲೂ ರಾತ್ರಿ ಹಲ್ಲು ಕಡಿಯುತ್ತೇನೆ. ಮಸಾಜ್‌ನಿಂದ ಅದು ನಿಂತಿಲ್ಲ. ಕಡಿಮೆಯಾಗಿದ್ದು ನೋವು, ಅದೂ ಮುಕ್ಕಾಲು ಪಾಲು. 'ಹಲ್ಲು ಕಡಿಯುವುದಕ್ಕೆ ಶಾಶ್ವತ ಪರಿಹಾರ' ಅಂತ ಯಾರಾದರೂ ಬೋರ್ಡ್ ಹಾಕಿದ್ದರೆ ಆ ಮೆಟ್ಟಿಲು ಹತ್ತಬೇಡಿ. ನೋವಿಗೆ ಅಂತ ಹೋಗುವುದಾದರೆ ಮುಂದೆ ಓದಿ.

ನನ್ನದು ಬೆಂಗಳೂರಿನ ಸಣ್ಣ ಆಫೀಸೊಂದರಲ್ಲಿ ಅಕೌಂಟ್ಸ್ ಕೆಲಸ. ಪ್ರತಿ ತಿಂಗಳು ಎರಡು ಜಿಎಸ್‌ಟಿ ರಿಟರ್ನ್‌ಗೆ ಕೊನೆಯ ದಿನ: 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಪಾರ್ಟಿಗಳು ಬಿಲ್ಲಿನ ಕಟ್ಟು ತಂದು ಕೊಡುವುದು 19ರ ಸಂಜೆ. 'ಅವುಡುಗಚ್ಚಿ ಕೆಲಸ ಮಾಡೋದು' ಅಂತಾರಲ್ಲ, ನಾನು ನಿಜವಾಗಿಯೂ ಅವುಡು ಕಚ್ಚಿಕೊಂಡೇ ಕೂತಿರುತ್ತಿದ್ದೆ. ಅದು ನನಗೇ ಗೊತ್ತಿರಲಿಲ್ಲ ಅಷ್ಟೆ.

ಗೊತ್ತಾಗಿದ್ದು ಹೆಂಡತಿಯಿಂದ. "ರೀ, ರಾತ್ರಿ ಏನ್ರೀ ಅದು, ಜಲ್ಲಿ ಮೇಲೆ ಲಾರಿ ಹೋದ ಹಾಗೆ ಸದ್ದು!" ಅಂದಳು. ಅಮ್ಮನಿಗೆ ಹೇಳಿದರೆ, "ಹೊಟ್ಟೇಲಿ ಹುಳ ಆಗಿದೆ ಕಣೋ, ಚಿಕ್ಕವನಿದ್ದಾಗಲೂ ಹೀಗೇ ಕಡೀತಿದ್ದೆ" ಅಂತ ಜಂತುಹುಳದ ಮಾತ್ರೆ ತರಿಸಿದರು. 43ನೇ ವಯಸ್ಸಿನಲ್ಲಿ ಅಮ್ಮ ಕೊಟ್ಟ ಹುಳದ ಮಾತ್ರೆ ನುಂಗಿದೆ. ಹುಳ ಇತ್ತೋ ಇಲ್ವೋ, ಸದ್ದಂತೂ ನಿಲ್ಲಲಿಲ್ಲ.

ಆ ವರ್ಷ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ನಾಲ್ಕು ಬೀಜ ಬಾಯಿಗೆ ಹಾಕಿಕೊಂಡು ಅಗಿಯುವಷ್ಟರಲ್ಲಿ ಬಲಗಿವಿಯ ಮುಂದೆ ಛಳಕ್ ಅಂತ ಹಿಡಿದುಕೊಂಡಿತು. "ಹಲ್ಲಿದ್ದವರಿಗೆ ಕಡಲೆ ಇಲ್ಲ ಅಂತಾರೆ. ನಿಮಗೆ ಎರಡೂ ಇದ್ದೂ ಇಲ್ಲ ನೋಡಿ" ಅಂತ ಇವಳು ನಕ್ಕಳು. ಅಲ್ಲಿಂದ ಎರಡು ತಿಂಗಳು ಮುದ್ದೆಯೇ ಗತಿ. ಮುದ್ದೆ ಅಗಿಯೋ ಹಾಗೇ ಇಲ್ಲ, ನುಂಗಿದರೆ ಆಯ್ತು ಅಲ್ವಾ?

ಬಲಗಡೆ ಮೇಲಿನ ದವಡೆ ಹಲ್ಲು ನೋವು ಅಂತ ಮೊದಲು ಒಂದು ಡೆಂಟಲ್ ಕ್ಲಿನಿಕ್‌ಗೆ ಹೋದೆ. ಹೆಸರು ಬೇಡ. ಐದು ನಿಮಿಷದಲ್ಲಿ ರೂಟ್ ಕೆನಾಲ್ ಅಂದರು, ಕ್ಯಾಪ್ ಸೇರಿಸಿ ಎಸ್ಟಿಮೇಟ್ ಕೈಗಿಟ್ಟರು. ಎಸ್ಟಿಮೇಟ್ ಕಂಡರೆ ಎರಡನೇ ಕೊಟೇಶನ್ ಕೇಳುವುದು ನನ್ನ ಕಸುಬಿನ ಚಟ. ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆ. ಅವರು ಎಕ್ಸ್‌ರೇ ತೆಗೆದರು, ಹಲ್ಲನ್ನು ತಟ್ಟಿ ನೋಡಿದರು, ತಣ್ಣಗಿನದು ತಾಗಿಸಿದರು. ಹಲ್ಲು ಗಟ್ಟಿಯಾಗಿಯೇ ಇತ್ತು. ಆಮೇಲೆ ಕೆನ್ನೆಯ ಮೇಲೆ ಎರಡು ಬೆರಳಿಟ್ಟು ಒಂದು ಕಡೆ ಒತ್ತಿದರು. ಅಯ್ಯೋ! ಒತ್ತಿದ್ದು ಕೆನ್ನೆ, ನೋವು ಬಂದಿದ್ದು ಅದೇ ಹಲ್ಲಿಗೆ.

ಕೆನ್ನೆಮೂಳೆಯಿಂದ ದವಡೆಯ ಮೂಲೆವರೆಗೆ ಮ್ಯಾಸೆಟರ್ ಅಂತ ಒಂದು ದಪ್ಪ ಸ್ನಾಯು ಇದೆ. ಅಗಿಯುವ ಕೆಲಸದ ಹೆಚ್ಚಿನ ಭಾರ ಅದರದ್ದು. ಅದು ಗಂಟು ಕಟ್ಟಿಕೊಂಡರೆ ನೋವನ್ನು ಹಲ್ಲಿಗೋ ಕಿವಿಗೋ ದಾಟಿಸುತ್ತದೆ. ಕಣತಲೆಯ ಹತ್ತಿರದ ಟೆಂಪೊರಾಲಿಸ್ ಕೂಡ ಹಾಗೇ, ಅದು ಹಿಡಿದುಕೊಂಡರೆ ತಲೆನೋವು. ನನ್ನ ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು ಮೂಡಿದ್ದನ್ನೂ ಕೆನ್ನೆಯ ಒಳಗಿನ ಬಿಳಿ ಗೆರೆಯನ್ನೂ ಕನ್ನಡಿಯಲ್ಲಿ ತೋರಿಸಿದರು. "ಗೊರಕೆ ಹೊಡೀತೀರಾ?" ಅಂತಲೂ ಕೇಳಿದರು. ನಿದ್ದೆಯಲ್ಲಿ ಉಸಿರು ಕಟ್ಟುವವರಲ್ಲಿ ಹಲ್ಲು ಕಡಿಯುವುದು ಇರಬಹುದಂತೆ, ಅದಕ್ಕೆ. ನೈಟ್ ಗಾರ್ಡ್‌ಗೆ, ಅಂದರೆ ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಕವಚಕ್ಕೆ, ಅಳತೆ ತೆಗೆದುಕೊಂಡು, ಫಿಸಿಯೋಥೆರಪಿಗೆ ಚೀಟಿ ಬರೆದುಕೊಟ್ಟರು.

ಮೊದಲ ದಿನ ಫಿಸಿಯೋ ಮೇಡಂ ಸ್ಕೇಲ್ ತೆಗೆದುಕೊಂಡು ಬಾಯಿ ಎಷ್ಟು ತೆರೆಯುತ್ತದೆ ಅಂತ ಅಳೆದರು. 31 ಮಿಲಿಮೀಟರ್. ದೊಡ್ಡವರಿಗೆ ಸಾಮಾನ್ಯವಾಗಿ 40 ಅಥವಾ ಮೇಲೆ ಇರಬೇಕಂತೆ. ಸ್ಕೇಲ್ ಇಲ್ಲದಿದ್ದರೆ ನಿಮ್ಮದೇ ಮೂರು ಬೆರಳು ಜೋಡಿಸಿ ಒಂದರ ಮೇಲೊಂದು ಬರುವ ಹಾಗೆ ಬಾಯೊಳಗೆ ನಿಲ್ಲಿಸಿ ನೋಡಿ. ನನಗೆ ಎರಡೇ ಹಿಡಿಸಿದ್ದು.

ನಾನು ಅಂದುಕೊಂಡಿದ್ದು ಎಣ್ಣೆ, ಸಣ್ಣಗೆ ವೀಣೆ, ಮಂದ ಬೆಳಕು. ಇಲ್ಲಿ ಇದ್ದಿದ್ದು ಟ್ಯೂಬ್‌ಲೈಟು, ರೆಕ್ಸಿನ್ ಮಂಚ, ಬಿಸಿ ಟವಲ್. ಹತ್ತು ನಿಮಿಷ ಟವಲ್ ಇಟ್ಟು, ಕುತ್ತಿಗೆ, ಕಣತಲೆ, ಕೆನ್ನೆ ಅಂತ ಹೊರಗಿನಿಂದ ನಿಧಾನಕ್ಕೆ ಒತ್ತುತ್ತಾ ಬಂದರು. ಇಲ್ಲಿವರೆಗೂ ಸುಖ. ಆಮೇಲೆ ಗ್ಲೌಸ್ ಹಾಕಿಕೊಂಡು, "ಸರ್, ಸ್ವಲ್ಪ ಬಾಯಿ ಬಿಡಿ. ಕಚ್ಚಬೇಡಿ ಮತ್ತೆ" ಅಂತ ಹೆಬ್ಬೆರಳನ್ನು ಕೆನ್ನೆಯೊಳಗೆ ಹಾಕಿದರು. ಒಳಗಿನಿಂದ ಹೆಬ್ಬೆರಳು, ಹೊರಗಿನಿಂದ ಎರಡು ಬೆರಳು. ಮಧ್ಯೆ ಸಿಕ್ಕ ಸ್ನಾಯುವನ್ನು ಹುಣಸೆಹಣ್ಣು ಕಿವುಚಿದ ಹಾಗೆ ಅಲ್ಲ, ಸುಮ್ನೆ ಹಿಡಿದುಕೊಂಡು ಕಾಯುವುದು. ಇಪ್ಪತ್ತು ಮೂವತ್ತು ಸೆಕೆಂಡ್ ಕಣ್ಣಲ್ಲಿ ನೀರು, ಬಾಯಿಂದ ಜೊಲ್ಲು. ಆಮೇಲೆ ಬೆಲ್ಲದ ಅಚ್ಚು ಬಿಸಿಗೆ ಸಡಿಲವಾದ ಹಾಗೆ ಗಂಟು ಮೆತ್ತಗಾಗುತ್ತದೆ. ಅದನ್ನು ಅನುಭವಿಸಿಯೇ ನಂಬಬೇಕು. ಹತ್ತಕ್ಕೆ ಏಳಕ್ಕಿಂತ ಜಾಸ್ತಿ ನೋವಾದರೆ ಕೈ ಎತ್ತಿ ಅಂದಿದ್ದರು. ಮೊದಲ ದಿನ ನಾಲ್ಕು ಸಲ ಎತ್ತಿದೆ.

ಮನೆಗೆ ಬಂದ ಮೇಲೆ ಒಂದು ದಿನ ಕೆನ್ನೆ ಪೆಟ್ಟು ತಿಂದ ಹಾಗಿತ್ತು. ಮೂರನೇ ಸಲದವರೆಗೂ ದುಡ್ಡು ದಂಡ ಅಂತಲೇ ಅನಿಸಿತ್ತು. ನಾಲ್ಕನೆಯದಾದ ಮೇಲೆ ಬೆಳಿಗ್ಗೆ ಎದ್ದಾಗಿನ ಬಿಗಿತ ಹೋಯಿತು. ಎರಡು ತಿಂಗಳಿಗೆ ಸ್ಕೇಲ್ 42 ತೋರಿಸಿತು. ಬಾಯಿ ತೆರೆದಾಗ ಕಿವಿ ಹತ್ತಿರ ಟಕ್ ಅನ್ನುವ ಸದ್ದು ಮಾತ್ರ ಹೋಗಿಲ್ಲ. ನೋವಿಲ್ಲದ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ ಅಂದರು, ಬಿಟ್ಟಿದ್ದೇನೆ.

ಆದರೆ ನನಗೆ ನಿಜಕ್ಕೂ ಉಪಯೋಗಕ್ಕೆ ಬಂದಿದ್ದು ಅವರು ಮಂಚದಿಂದ ಇಳಿಸಿ ಹೇಳಿಕೊಟ್ಟ ಇನ್ನೊಂದು ವಿಷಯ. "'ನ' ಅನ್ನಿ ಸರ್" ಅಂದರು. ಅಂದೆ. "ನಾಲಿಗೆ ತುದಿ ಎಲ್ಲಿ ತಾಗಿತು? ಅಲ್ಲೇ ಇರಲಿ. ಈಗ ತುಟಿ ಮುಚ್ಚಿ, ಹಲ್ಲು ಮುಚ್ಚಬೇಡಿ." ಸುಮ್ಮನಿದ್ದಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಲೇಬಾರದಂತೆ, ಮಧ್ಯೆ ಎರಡು ಮೂರು ಮಿಲಿಮೀಟರ್ ಸಂದಿ ಇರಬೇಕು. ನಾನು ನಲವತ್ತ್ಮೂರು ವರ್ಷ ಬಾಯಿ ಮುಚ್ಚುವುದು ಅಂದರೆ ಹಲ್ಲು ಮುಚ್ಚುವುದು ಅಂದುಕೊಂಡಿದ್ದೆ. ನೀವು ಇದನ್ನು ಓದುವಾಗ ನಿಮ್ಮ ಹಲ್ಲು ಎಲ್ಲಿದೆ ನೋಡಿಕೊಳ್ಳಿ!

ನೆನಪಿಗಿರಲಿ ಅಂತ ಮಾನಿಟರ್ ಮೇಲೆ ಹಳದಿ ಚೀಟಿ ಅಂಟಿಸಿ 'ಹಲ್ಲು ಬಿಡು' ಅಂತ ಬರೆದೆ. ಒಂದು ವಾರ ಆಫೀಸಲ್ಲಿ ಎಲ್ಲರೂ ನನ್ನ ಟೇಬಲ್ ಹತ್ತಿರ ಬಂದು ಹಲ್ಲು ಕಿಸಿದು ಹೋಗುತ್ತಿದ್ದರು.

ಮನೆಯಲ್ಲಿ ನಾನೇ ಮಾಡಿಕೊಳ್ಳುವುದು ರಾತ್ರಿ ಐದು ನಿಮಿಷ. ಒಮ್ಮೆ ಹಲ್ಲು ಕಚ್ಚಿದರೆ ಕೆನ್ನೆಯಲ್ಲಿ ಉಬ್ಬುತ್ತದಲ್ಲ, ಅದೇ ಜಾಗ. ಹಲ್ಲು ಸಡಿಲ ಬಿಟ್ಟು, ಎರಡು ಬೆರಳಲ್ಲಿ ಸಣ್ಣ ಸುತ್ತು ಹಾಕುತ್ತಾ ಕೆನ್ನೆಮೂಳೆಯಿಂದ ದವಡೆಯ ಮೂಲೆವರೆಗೆ ಇಳಿಯುವುದು. ಆಮೇಲೆ ಕಣತಲೆ. ದವಡೆ ಕೆಳಗೆ ಕತ್ತಿನ ಕಡೆ ನಾಡಿ ಮಿಡಿಯುವ ಜಾಗವನ್ನು ಒತ್ತಲೇಬಾರದು. ಬಾಯೊಳಗಿನದನ್ನು ಅವರು ಎರಡು ಸಲ ಕೈ ಹಿಡಿದು ಕಲಿಸಿದ ಮೇಲೆಯೇ ಮಾಡಿದ್ದು, ಅದೂ ಉಗುರು ಕತ್ತರಿಸಿ, ಕೈ ತೊಳೆದು.

ನಾನು ಮಾಡಿದ ಪೆದ್ದುತನಗಳನ್ನೂ ಹೇಳಬೇಕು. ಬೆನ್ನಿಗೆ ಅಂತ ತಂದಿದ್ದ ಮಸಾಜ್ ಗನ್ನನ್ನು ಒಂದು 19ನೇ ತಾರೀಖು ರಾತ್ರಿ ಕೆನ್ನೆಗೆ ಇಟ್ಟೆ. ಹಲ್ಲೆಲ್ಲ ಗಡಗಡ ಅಂತು, ಎರಡು ದಿನ ಊದಿಕೊಂಡಿತ್ತು. ಮೇಡಂ ಬೈದಿದ್ದು ಬೇರೆ. ಇನ್ನೊಂದು, ಕಟಿಂಗ್ ಶಾಪಿನಲ್ಲಿ ತಲೆ ಮಸಾಜ್ ಮಾಡಿ ಕತ್ತನ್ನು ಲಟಕ್ ಅನಿಸುತ್ತಾರಲ್ಲ, ಅದು. ಮೊದಲು ನನಗೂ ಇಷ್ಟ. ಹಾಗೆ ತಿರುಚುವಾಗ ಕತ್ತಿನ ರಕ್ತನಾಳಕ್ಕೆ ಪೆಟ್ಟಾಗುವ ಅಪಾಯವಿದೆ ಅಂತ ಗೊತ್ತಾದ ಮೇಲೆ, 'ತಲೆ ಸಾಕಣ್ಣ, ಕತ್ತು ಬೇಡ' ಅಂತ ಮೊದಲೇ ಹೇಳಿಬಿಡುತ್ತೇನೆ.

ನೈಟ್ ಗಾರ್ಡ್ ಬಗ್ಗೆ ಎರಡೇ ಮಾತು. ಬಿಸಿನೀರಲ್ಲಿ ಅದ್ದಿ ಕಚ್ಚುವ ಮೆತ್ತನೆಯದನ್ನು ಮೊದಲು ಆನ್‌ಲೈನಲ್ಲಿ ತರಿಸಿದ್ದೆ. ಚೂಯಿಂಗ್ ಗಮ್ ಸಿಕ್ಕಿದ ಹಾಗೆ ಅಗಿದು ಮೂರು ತಿಂಗಳಿಗೆ ತೂತು ಮಾಡಿದೆ. ಡಾಕ್ಟರ್ ಮಾಡಿಸಿಕೊಟ್ಟ ಗಟ್ಟಿ ಅಕ್ರಿಲಿಕ್‌ನದು ಇನ್ನೂ ಇದೆ, ಮೇಲೆ ಗೀರು ಬಿದ್ದಿದೆ. ಆ ಗೀರು ನನ್ನ ಹಲ್ಲಿನ ಮೇಲೆ ಬೀಳಬೇಕಿತ್ತು. ಗಾರ್ಡ್ ಹಲ್ಲು ಕಾಯುತ್ತದೆ, ಮಸಾಜ್ ಸ್ನಾಯು ನೋಡಿಕೊಳ್ಳುತ್ತದೆ. ಒಂದಿದ್ದರೆ ಇನ್ನೊಂದು ಬೇಡ ಅಂತಲ್ಲ. ದವಡೆಯ ಸ್ನಾಯು ಸಡಿಲವಾಗಲಿ ಅಂತ ಬೊಟಾಕ್ಸ್ ಇಂಜೆಕ್ಷನ್ ಮಾತೂ ಬಂದಿತ್ತು. ಅದರ ಪರಿಣಾಮ ಮೂರು ನಾಲ್ಕು ತಿಂಗಳಷ್ಟೆ, ಆಮೇಲೆ ಮತ್ತೆ ಚುಚ್ಚಿಸಬೇಕು ಅಂದಾಗ ನನ್ನೊಳಗಿನ ಅಕೌಂಟೆಂಟ್ ಎದ್ದು ಹೊರಟುಬಿಟ್ಟ.

ಖರ್ಚು: ಒಂದು ಸಲಕ್ಕೆ 700 ರೂಪಾಯಿ. ಮೊದಲು ವಾರಕ್ಕೊಂದರಂತೆ 6, ಆಮೇಲೆ ಹದಿನೈದು ದಿನಕ್ಕೊಂದರಂತೆ 6, ಈಗ ತಿಂಗಳಿಗೊಂದರಂತೆ 9. ಒಟ್ಟು 21, ಅಂದರೆ 14,700. ಗಾರ್ಡ್‌ಗೆ 4,500 ಬೇರೆ. ಕಡಿಮೆಯೇನಲ್ಲ. ಮೊದಲ ಹನ್ನೆರಡು ಸಲಕ್ಕೆ ಕೊಟ್ಟ ದುಡ್ಡಿಗೆ ನನಗೆ ಬೇಸರವಿಲ್ಲ. ಆಮೇಲಿನ ಒಂಬತ್ತರಲ್ಲಿ ಅರ್ಧ ಬರೀ ಅಭ್ಯಾಸಬಲ, ಮನೆಯಲ್ಲೇ ಮಾಡಿಕೊಂಡಿದ್ದರೂ ನಡೆಯುತ್ತಿತ್ತು. ಸಂಜೆ ನಾಲ್ಕರ ಮೇಲೆ ಕಾಫಿ ಬಿಟ್ಟಿದ್ದೂ ಇದೇ ಸಮಯದಲ್ಲಿ, ಹಾಗಾಗಿ ಎಲ್ಲ ಕ್ರೆಡಿಟ್ಟನ್ನೂ ಮಸಾಜ್ ಖಾತೆಗೇ ಹಾಕುವುದು ತಪ್ಪಾಗುತ್ತದೆ.

ಬಾಯಿ ತೆರೆಯಲಾಗದೆ ಲಾಕ್ ಆಗಿದ್ದರೆ, ಮುಖ ಊದಿ ಜ್ವರ ಇದ್ದರೆ ಮಸಾಜ್ ಅಂತ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ನಡೆದರೆ, ಮೆಟ್ಟಿಲು ಹತ್ತಿದರೆ ದವಡೆ ನೋಯುತ್ತೆ, ಜೊತೆಗೆ ಎದೆ ಬಿಗಿತ, ಬೆವರು ಅಂದರೆ ಅದು ಹಲ್ಲಿನ ವಿಷಯವೇ ಅಲ್ಲದಿರಬಹುದು, ಹೃದಯದ್ದಿರಬಹುದು. ತಡ ಮಾಡದೆ ಆಸ್ಪತ್ರೆಗೆ ಹೋಗಿ.

ನೋವಿನ ಲೆಕ್ಕವನ್ನು ನಾನು ಎಕ್ಸೆಲ್‌ನಲ್ಲಿ ಬರೆದಿಡುತ್ತೇನೆ, ದಿನಕ್ಕೊಂದು ಅಂಕಿ. ಮೊದಲ ತಿಂಗಳು ಪೂರ್ತಿ 6, 7. ಈಗ ಹೆಚ್ಚಾಗಿ 1, 2. ಆದರೆ ಗ್ರಾಫ್ ಹಾಕಿದರೆ ಪ್ರತಿ ತಿಂಗಳು ಎರಡು ಗುಡ್ಡ, 11ಕ್ಕೆ ಸಣ್ಣದು, 20ಕ್ಕೆ ದೊಡ್ಡದು. ಮುಂದಿನ ಅಪಾಯಿಂಟ್‌ಮೆಂಟ್ 18ಕ್ಕೆ ಕೊಟ್ಟಿದ್ದರು. ಫೋನ್ ಮಾಡಿ 21ಕ್ಕೆ ಹಾಕಿಸಿಕೊಂಡಿದ್ದೇನೆ.