ಮೂರು ಡಬ್ಬಿ ಸೀಮೆಸುಣ್ಣ: ಒಂದು ಶೈಕ್ಷಣಿಕ ವರ್ಷದ ಬಳಕೆಯ ನಂತರ

ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುವ ನನಗೆ ದಿನಕ್ಕೆ ಐದು ಅವಧಿಗಳಿರುತ್ತವೆ. ಒಂದೊಂದು ಅವಧಿಯಲ್ಲೂ ಕರಿಹಲಗೆ ಎರಡು ಮೂರು ಸಲ ತುಂಬುತ್ತದೆ, ಅಷ್ಟೇ ಸಲ ಅದನ್ನು ಒರೆಸಬೇಕಾಗುತ್ತದೆ. ಸಂಜೆ ಮನೆಗೆ ಬಂದು ಮುಖ ತೊಳೆದರೆ ನೀರು ಬೆಳ್ಳಗೆ ಇಳಿಯುವುದನ್ನು ವರ್ಷಗಟ್ಟಲೆ ನೋಡಿದ ಮೇಲೆ, ಸೀಮೆಸುಣ್ಣವನ್ನೇ ಬದಲಿಸಿ ನೋಡಬಾರದೇಕೆ ಎಂಬ ಯೋಚನೆ ಬಂತು. ಹಾಗಾಗಿ ಕಳೆದ ಜೂನ್‌ನಿಂದ ಈ ಮಾರ್ಚ್‌ವರೆಗೆ ಮೂರು ಬಗೆಯದನ್ನು ಬಳಸಿದೆ. ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಅಚ್ಚಿನ ಸೀಮೆಸುಣ್ಣ ಒಂದು, ಅದೇ ಅಂಗಡಿಯ ಡಸ್ಟ್‌ಲೆಸ್ ಚಾಕ್ ಇನ್ನೊಂದು. ಮೂರನೆಯದು, ದಕ್ಷಿಣ ಕೊರಿಯಾದಲ್ಲಿ ಓದುತ್ತಿರುವ ಹಳೆಯ ಶಿಷ್ಯನೊಬ್ಬ ರಜೆಗೆ ಬಂದಾಗ ತಂದುಕೊಟ್ಟ ಹಾಗೊರೊಮೊ ಫುಲ್‌ಟಚ್.

ಮೂರೂ ಬೆಳ್ಳಗಿದ್ದರೂ ಮೂರೂ ಒಂದೇ ವಸ್ತುವಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪ್ರಕೃತಿಯಲ್ಲಿ ಸಿಗುವ ನಿಜವಾದ ಚಾಕ್ ಎಂದರೆ ಮೆದು ಸುಣ್ಣಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕಣ್ಣಿಗೆ ಕಾಣದಷ್ಟು ಚಿಕ್ಕ ಕಡಲ ಪಾಚಿಗಳ ಚಿಪ್ಪುಗಳು ಕೋಟಿಗಟ್ಟಲೆ ವರ್ಷ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತು ಆದದ್ದು ಅದು. ಇಂಗ್ಲೆಂಡಿನ ಡೋವರ್ ಕರಾವಳಿಯ ಬಿಳಿ ಬಂಡೆಗಳು ಇದರವೇ. ನಮ್ಮ ಶಾಲೆಗಳಿಗೆ ಬರುವ ಅಗ್ಗದ ಕಡ್ಡಿಗಳಲ್ಲಿ ಹೆಚ್ಚಿನವು ಜಿಪ್ಸಂನಿಂದ, ಅಂದರೆ ಕ್ಯಾಲ್ಸಿಯಂ ಸಲ್ಫೇಟಿನಿಂದ ಆದವು. ಕಡಲೆಕಾಯಿ ಹೊಲಕ್ಕೆ ನಮ್ಮ ರೈತರು ಹಾಕುವ ಜಿಪ್ಸಂ ಕೂಡ ಇದೇ. ಸೀಮೆಎಣ್ಣೆಯಂತೆ ಸೀಮೆಸುಣ್ಣವೂ ಹೊರದೇಶದಿಂದ ಬಂದದ್ದೆಂದು ಆ ಹೆಸರು ಪಡೆಯಿತು. ಈಗ ಅದರಲ್ಲಿ ಸೀಮೆಯೂ ಉಳಿದಿಲ್ಲ, ಸುಣ್ಣವೂ ಉಳಿದಿಲ್ಲ. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಮೂರು ಕಡ್ಡಿಗಳ ತುದಿಯನ್ನು ತಟ್ಟೆಯಲ್ಲಿ ಪುಡಿ ಮಾಡಿ, ಒಂದೊಂದರ ಮೇಲೂ ನಿಂಬೆರಸ ಹಿಂಡಿದೆ. ಅಚ್ಚಿನ ಸೀಮೆಸುಣ್ಣದ ಪುಡಿ ಸುಮ್ಮನೆ ನೆನೆದು ಕೂತಿತು. ಉಳಿದೆರಡರ ಮೇಲೆ ಸಣ್ಣ ಗುಳ್ಳೆಗಳೆದ್ದು ನೊರೆ ಬಂತು. ಕಾರ್ಬೊನೇಟ್ ಹುಳಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುವ ಗುರುತು ಅದು.

ಅಚ್ಚಿನ ಸೀಮೆಸುಣ್ಣವನ್ನು ತಯಾರಿಸುವ ಕ್ರಮ ಬಹಳ ಸರಳ. ಜಿಪ್ಸಂ ಅನ್ನು ಕಾಯಿಸಿ ಪಡೆದ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಯನ್ನು ನೀರಿನಲ್ಲಿ ಕಲಸಿ, ಅಂಟದಿರಲೆಂದು ಎಣ್ಣೆ ಸವರಿದ ಲೋಹದ ಅಚ್ಚಿಗೆ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ ಬಿಸಿಲಿಗೆ ಒಣಗಿಸುತ್ತಾರೆ. ಮನೆಯ ಹಿತ್ತಲಿನಲ್ಲೇ ನಡೆಸಬಹುದಾದ ಉದ್ಯಮವಾದ್ದರಿಂದ ಗುಣಮಟ್ಟ ಕಲಸಿದವರ ಕೈಗುಣವನ್ನೇ ಅವಲಂಬಿಸಿರುತ್ತದೆ. ನೀರು ಹೆಚ್ಚಾದರೆ ಕಡ್ಡಿ ಪೊಳ್ಳಾಗಿ, ಬೆರಳು ಒತ್ತಿದರೆ ಮುರಿಯುತ್ತದೆ. ಕಡಿಮೆಯಾದರೆ ಗಡುಸಾಗಿ ಹಲಗೆಯ ಮೇಲೆ ಜಾರುತ್ತದೆ. ನಾನು ಕೊಂಡ ಡಬ್ಬಿಗಳಲ್ಲಿ ಎರಡೂ ಬಗೆಯ ಕಡ್ಡಿಗಳು ಒಟ್ಟಿಗೇ ಇದ್ದವು. ಒಂದು ಡಬ್ಬಿಯಲ್ಲಂತೂ ಮರಳಿನಂಥ ಹರಳು ಸೇರಿಕೊಂಡು, ವೃತ್ತ ಎಳೆಯುವಾಗ ಹಲಗೆಯ ಮೇಲೆ ಬಿಳಿ ಗೆರೆಯ ಬದಲು ಗೀರು ಬಿತ್ತು. ಆ ಗೀರು ಇವತ್ತಿಗೂ ಹೋಗಿಲ್ಲ. ಆಷಾಢ ಶ್ರಾವಣದ ಜಡಿಮಳೆಯಲ್ಲಿ ಕಡ್ಡಿಗಳು ತೇವ ಹೀರಿಕೊಂಡು ಅಕ್ಷರ ಮಂಕಾಗುತ್ತಿತ್ತು. ಆಮೇಲೆ ಡಬ್ಬಿಯನ್ನು ಅಕ್ಕಿಹಿಟ್ಟಿನ ಹಳೆಯ ಸ್ಟೀಲ್ ಡಬ್ಬದೊಳಗೆ ಮುಚ್ಚಿಟ್ಟಿದ್ದರಿಂದ ಆ ತೊಂದರೆ ತಪ್ಪಿತು.

ಇಷ್ಟೆಲ್ಲ ದೂರಿದರೂ ಈ ಅಗ್ಗದ ಕಡ್ಡಿಯ ಪರವಾಗಿ ಒಂದು ಮಾತು ಹೇಳಲೇಬೇಕು. ನಮ್ಮ ಎಂಟನೇ ತರಗತಿಯ ಕೋಣೆಯಲ್ಲಿರುವುದು ಗೋಡೆಗೇ ಸಿಮೆಂಟು ಗಿಲಾವು ಮಾಡಿ ಕಪ್ಪು ಬಣ್ಣ ಬಳಿದ ಹಳೆಯ ಹಲಗೆ. ಅದರ ತರಿತರಿ ಮೈಮೇಲೆ ಮೆದುವಾದ ಜಿಪ್ಸಂ ಕಡ್ಡಿ ಮೂಡಿಸುವಷ್ಟು ದಪ್ಪ ಅಕ್ಷರವನ್ನು ಡಸ್ಟ್‌ಲೆಸ್ ಮೂಡಿಸುವುದಿಲ್ಲ. ಕೊನೆಯ ಬೆಂಚಿನಲ್ಲಿ ನಾನೇ ಹೋಗಿ ಕೂತು ಎರಡನ್ನೂ ಓದಿ ನೋಡಿದ್ದೇನೆ.

ಡಸ್ಟ್‌ಲೆಸ್ ಎಂಬ ಹೆಸರನ್ನು ನಂಬಿ ಧೂಳೇ ಇರುವುದಿಲ್ಲ ಎಂದುಕೊಂಡರೆ ನಿರಾಶೆ ಖಂಡಿತ. ಧೂಳು ಬರುತ್ತದೆ, ಆದರೆ ಹಾರುವುದು ಕಡಿಮೆ. ಕ್ಯಾಲ್ಸಿಯಂ ಕಾರ್ಬೊನೇಟ್ ಜಿಪ್ಸಂಗಿಂತ ಸಾಂದ್ರವಾದದ್ದು. ಅದನ್ನು ಅಂಟು ಸೇರಿಸಿ ಒತ್ತಿ ಮಾಡಿದ ಕಡ್ಡಿಯಿಂದ ಉದುರುವ ಕಣಗಳು ಗಾಳಿಯಲ್ಲಿ ತೇಲುವ ಬದಲು ನೇರವಾಗಿ ಹಲಗೆಯ ಕೆಳಗೆ ಬೀಳುತ್ತವೆ. ಒಂಬತ್ತನೇ ತರಗತಿಯ ಕೋಣೆಯಲ್ಲಿ ನುಣುಪಾದ ಹಸಿರು ಹಲಗೆ ಇದೆ. ಅಲ್ಲಿ ಒಂದು ವಾರ ಅಚ್ಚಿನದು, ಮರು ವಾರ ಡಸ್ಟ್‌ಲೆಸ್ ಎಂದು ಬಳಸಿದಾಗ, ಮೊದಲ ವಾರ ಮೇಜಿನ ಮೇಲಿನ ಹಾಜರಿ ಪುಸ್ತಕದ ರಟ್ಟಿನಲ್ಲಿ ಬೆರಳಿನಿಂದ ಹೆಸರು ಬರೆಯುವಷ್ಟು ಪುಡಿ ಕೂರುತ್ತಿತ್ತು. ಎರಡನೆಯ ವಾರ ಪುಡಿಯೆಲ್ಲ ಹಲಗೆಯ ಕೆಳಗಿನ ಪಟ್ಟಿಯಲ್ಲೇ ಸಣ್ಣ ದಿಬ್ಬವಾಗಿತ್ತು. ಬೆಲೆ ನಮ್ಮ ಅಂಗಡಿಯಲ್ಲಿ ಅಚ್ಚಿನದರ ಸುಮಾರು ಎರಡರಷ್ಟು. ಆದರೆ ದಿನಕ್ಕೆ ಆರೇಳು ಕಡ್ಡಿ ಸವೆಸುತ್ತಿದ್ದ ನನಗೆ ಇದರಲ್ಲಿ ನಾಲ್ಕು ಸಾಕಾಗುತ್ತಿರುವುದರಿಂದ ಖರ್ಚಿನ ವ್ಯತ್ಯಾಸ ಅಷ್ಟೇನೂ ಭಾರವಲ್ಲ. ಬಣ್ಣದ ಕಡ್ಡಿಗಳ ವಿಷಯದಲ್ಲಿ ಮಾತ್ರ ಈ ಡಬ್ಬಿ ಸೋತಿದೆ: ನೀಲಿ ಮತ್ತು ನೇರಳೆ ಹಸಿರು ಹಲಗೆಯ ಮೇಲೆ ಕಾಣುವುದೇ ಇಲ್ಲ, ಹಳದಿಯೊಂದೇ ಉಪಯೋಗಕ್ಕೆ ಬರುತ್ತದೆ.

ಇನ್ನು ಹಾಗೊರೊಮೊ. 1932ರಲ್ಲಿ ಜಪಾನಿನ ನಗೋಯಾದಲ್ಲಿ ಆರಂಭವಾದ ಈ ಕಂಪನಿ 2015ರಲ್ಲಿ ಬಾಗಿಲು ಮುಚ್ಚುತ್ತದೆಂದು ತಿಳಿದಾಗ, ಅಮೆರಿಕದ ಕೆಲವು ಗಣಿತ ಪ್ರಾಧ್ಯಾಪಕರು ವರ್ಷಗಟ್ಟಲೆ ಸಾಲುವಷ್ಟು ಡಬ್ಬಿಗಳನ್ನು ಕೊಂಡು ಕೂಡಿಟ್ಟುಕೊಂಡರು. ಆಮೇಲೆ ಅದರ ಯಂತ್ರಗಳು ದಕ್ಷಿಣ ಕೊರಿಯಾ ಸೇರಿ, ಈಗ ಅಲ್ಲೇ ತಯಾರಾಗುತ್ತಿದೆ. "ಸರ್, ಇದರಲ್ಲಿ ಒಂದು ಪ್ರಮೇಯ ಬರೆದು ನೋಡಿ, ಆಮೇಲೆ ಮಾತಾಡಿ" ಎಂದು ಶಿಷ್ಯ ಕೊಟ್ಟಾಗ, ಸೀಮೆಸುಣ್ಣಕ್ಕೆ ಇಷ್ಟು ಸಡಗರವೇ ಎಂದು ನಕ್ಕಿದ್ದೆ. ಬರೆದ ಮೇಲೆ ನಗುವುದನ್ನು ಬಿಟ್ಟೆ. ಕಡ್ಡಿ ನಮ್ಮದಕ್ಕಿಂತ ತುಸು ದಪ್ಪ, ಮೈಗೆ ತೆಳುವಾದ ಲೇಪವಿರುವುದರಿಂದ ಬೆರಳಿಗೆ ಪುಡಿ ಹತ್ತುವುದಿಲ್ಲ. ಪೈಥಾಗೊರಸ್ ಪ್ರಮೇಯದ ಚಿತ್ರವನ್ನು ಒಂದೇ ಎಳೆತಕ್ಕೆ ಬಿಡಿಸಿದರೂ ಗೆರೆ ಎಲ್ಲಿಯೂ ತುಂಡಾಗಲಿಲ್ಲ, ಆರಂಭದಲ್ಲಿದ್ದ ದಪ್ಪವೇ ಕೊನೆಯವರೆಗೂ ಉಳಿಯಿತು. ಒರೆಸಿದರೆ ಹಲಗೆ ಮಂಜು ಕವಿದಂತಾಗದೆ ಸ್ವಚ್ಛವಾಗುತ್ತದೆ. ಆದರೂ ಇದನ್ನು ಶಾಲೆಯ ಅನುದಾನದಲ್ಲಿ ತರಿಸಿ ಎಂದು ನಾನು ಹೇಳಲಾರೆ. ಸಾಗಣೆ ಖರ್ಚು ಸೇರಿದರೆ ಒಂದು ಡಬ್ಬಿಯ ಹಣದಲ್ಲಿ ನಮ್ಮ ಡಸ್ಟ್‌ಲೆಸ್ ಡಬ್ಬಿಗಳು ಹತ್ತಾರು ಬರುತ್ತವೆ. ಸಿಮೆಂಟು ಹಲಗೆಯ ಮೇಲಂತೂ ಅದರ ನಯವೆಲ್ಲ ವ್ಯರ್ಥ.

ಕಿರ್ರೆನ್ನುವ ಸದ್ದಿಗೆ ಮೂರರಲ್ಲಿ ಯಾವುದೂ ಪೂರ್ತಿ ಹೊರತಲ್ಲ. ಉದ್ದನೆಯ ಹೊಸ ಕಡ್ಡಿ ಹಲಗೆಗೆ ಅಂಟಿ, ಜಾರಿ, ಮತ್ತೆ ಅಂಟಿ ನಡುಗುವುದರಿಂದ ಆ ಸದ್ದು ಬರುತ್ತದೆ. ಎರಡು ತುಂಡು ಮಾಡಿ, ಸ್ವಲ್ಪ ಓರೆಯಾಗಿ ಹಿಡಿದರೆ ನಿಲ್ಲುತ್ತದೆ.

ಅದೇ ಅಂಗಡಿಯಲ್ಲಿ ಚಾಕ್ ಎಂಬ ಹೆಸರಿನಲ್ಲಿ ಬೇರೆ ಸರಕೂ ಇರುವುದರಿಂದ ಕೊಳ್ಳುವವರು ಗಮನಿಸಬೇಕು. ದರ್ಜಿಗಳು ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಬಿಲ್ಲೆ ಹಲಗೆಗೆ ಆಗದು. ಬಾದಾಮಿಯ ಬಂಡೆ ಹತ್ತುವವರು ಬೆವರು ಹೀರಲೆಂದು ಅಂಗೈಗೆ ಬಳಿದುಕೊಳ್ಳುವ ಪುಡಿ ಮೆಗ್ನೀಸಿಯಂ ಕಾರ್ಬೊನೇಟ್. ಇವೆರಡರಿಂದ ಅಪಾಯವಿಲ್ಲ. ಇರುವೆ, ಜಿರಳೆಗೆಂದು ಮಾರುವ ಚಾಕ್ ಮಾತ್ರ ಕೀಟನಾಶಕ ಬೆರೆತ ವಿಷ. ನೋಡಲು ಅಚ್ಚಿನ ಸೀಮೆಸುಣ್ಣದಂತೆಯೇ ಇರುತ್ತದೆ. ಎರಡನ್ನೂ ಒಂದೇ ಗೂಡಿನಲ್ಲಿ ಅಕ್ಕಪಕ್ಕ ಇಟ್ಟಿದ್ದ ಅಂಗಡಿಯವರಿಗೆ, ಬಳಪ ತಿನ್ನುವ ವಯಸ್ಸಿನ ಮಕ್ಕಳು ಬರುವ ಜಾಗವಿದು ಎಂದು ಹೇಳಿ, ಅದನ್ನು ಮೇಲಿನ ಅಟ್ಟಣಿಗೆಗೆ ಎತ್ತಿಡಿಸಿ ಬಂದೆ.

ಬರುವ ಜೂನ್‌ಗೆ ನುಣುಪು ಹಲಗೆಯ ಕೋಣೆಗಳಿಗೆ ಡಸ್ಟ್‌ಲೆಸ್ ಬಿಳಿ ಮತ್ತು ಹಳದಿ, ಎಂಟನೇ ತರಗತಿಗೆ ಅಚ್ಚಿನದು ಎಂದು ಪಟ್ಟಿ ಬರೆದು ಮುಖ್ಯೋಪಾಧ್ಯಾಯರಿಗೆ ಕೊಟ್ಟಿದ್ದೇನೆ. ಮಿಕ್ಕ ಅಚ್ಚಿನ ತುಂಡುಗಳನ್ನು ಮನೆಯಾಕೆ ಕೇಳಿ ತರಿಸಿಕೊಳ್ಳುತ್ತಾಳೆ. ಅವನ್ನು ನೀರಿನಲ್ಲಿ ಅದ್ದಿ ಹೊಸ್ತಿಲ ಮೇಲೆ ಎಳೆದ ರಂಗೋಲಿ ಮೊದಲು ಕಾಣುವುದೇ ಇಲ್ಲ, ಒಣಗುತ್ತಾ ಹೋದಂತೆ ಬೆಳ್ಳಗೆ ಮೂಡುತ್ತದೆ. ಹಾಗೊರೊಮೊ ಡಬ್ಬಿಯಲ್ಲಿ ಇನ್ನು ಒಂಬತ್ತು ಕಡ್ಡಿಗಳಿವೆ. ಅದರ ಬೀಗದ ಕೈ ನನ್ನ ಬಳಿಯೇ ಇದೆ.