ನಿಂಬೆ ಉಪ್ಪಿನಲ್ಲಿ ಮಿಂದ ಬೋಲ್ಟುಗಳು: ಎರಡು ಮಳೆಗಾಲ ಕಳೆದ ಮೇಲೆ

ಅಪ್ಪನ 1986ರ ಯೆಜ್ಡಿ ರೋಡ್‌ಕಿಂಗ್ ಬೈಕು ಕುಂದಾಪುರದ ಮನೆಯ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷ ನಿಂತಿತ್ತು. ಕಡಲ ಗಾಳಿಗೆ ಮಡ್‌ಗಾರ್ಡಿನ ಬೋಲ್ಟುಗಳು ಎಷ್ಟು ತುಕ್ಕು ಹಿಡಿದಿದ್ದವೆಂದರೆ ಹತ್ತರ ಸ್ಪ್ಯಾನರ್ ಹಿಡಿಯುತ್ತಲೇ ಇರಲಿಲ್ಲ. ಎಲ್ಲಾ ಹೊಸದು ಹಾಕಿಸಿ ಅಂದ ಮೆಕ್ಯಾನಿಕ್. ಅವನಿಗೇನು! ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಸಾದಾ ಬೋಲ್ಟು ಎಲ್ಲಿಯೂ ಸಿಗುತ್ತದೆ, ಆ ಉದ್ದದ ಸ್ಟಡ್ಡು, ಆ ಆಕಾರದ ಕ್ಲಾಂಪು ನನಗಂತೂ ಸಿಗಲಿಲ್ಲ.

ಹಳೆಯವನ್ನೇ ತುಕ್ಕು ಬಿಡಿಸಿ ಉಳಿಸೋಣವೆಂದು ಮೊದಲು ಫಾಸ್ಫಾರಿಕ್ ಆಮ್ಲದ ಬಾಟಲಿ ತರಿಸಿದೆ. ಅರ್ಧ ಲೀಟರಿಗೆ 450 ರೂಪಾಯಿ, ಎರಡು ವಾರಕ್ಕೆ ಖಾಲಿ. ಆಮೇಲೆ ಪೇಟೆಯ ದಿನಸಿ ಅಂಗಡಿಯಲ್ಲಿ ಒಂದು ಕೆಜಿ ನಿಂಬೆ ಉಪ್ಪು ಕೇಳಿದೆ, ಅದೇ ಸಿಟ್ರಿಕ್ ಆಮ್ಲ. 180 ರೂಪಾಯಿ. "ಎಂತ ಮಾರಾಯ್ರೆ, ಜ್ಯೂಸಿನ ಅಂಗಡಿ ಶುರು ಮಾಡಿದ್ರಾ?" ಅಂದರು.

ರಾತ್ರಿ ಊಟವಾದ ಮೇಲೆ ನನ್ನ ಕೆಲಸ ಶುರು. ಹಳೆಯ ಐಸ್‌ಕ್ರೀಮ್ ಡಬ್ಬಿಗೆ ಒಂದು ಲೀಟರ್ ಬಿಸಿನೀರು, ಮೂರು ದೊಡ್ಡ ಚಮಚ ನಿಂಬೆ ಉಪ್ಪು. ಗ್ರೀಸು, ಜಿಡ್ಡನ್ನು ಮೊದಲೇ ಸೀಮೆಎಣ್ಣೆಯಲ್ಲಿ ತೊಳೆದಿರಬೇಕು, ಇಲ್ಲವಾದರೆ ಆಮ್ಲ ಒಳಗೆ ಇಳಿಯುವುದಿಲ್ಲ. ನಟ್ಟು ವಾಷರುಗಳನ್ನು ತಂತಿಗೆ ಪೋಣಿಸಿ ಮಲ್ಲಿಗೆ ಮಾಲೆಯ ಹಾಗೆ ಇಳಿಬಿಟ್ಟರೆ ಸಣ್ಣಸಣ್ಣ ಗುಳ್ಳೆ ಏಳುತ್ತವೆ. ಬೆಳಿಗ್ಗೆ ಕಾಫಿಗೂ ಮುಂಚೆ ನೋಡಿದರೆ ನೀರು ಹಸಿರು ಹಳದಿಗೆ ತಿರುಗಿರುತ್ತದೆ. ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿದಾಗ ಕಪ್ಪು ಮಸಿ ಬಿಟ್ಟು ಬೂದು ಬಣ್ಣದ ಉಕ್ಕು ಕಾಣಿಸುತ್ತದೆ. ಒಂದು ಬೋಲ್ಟಿನ ತಲೆಯ ಮೇಲೆ ಟಿವಿಎಸ್ ಅನ್ನುವ ಅಕ್ಷರ, ಬೋಲ್ಟಿನ ಬಲದ ದರ್ಜೆ ಹೇಳುವ 8.8 ಅನ್ನುವ ಗುರುತು ಮೂಡಿತು. ಅಪ್ಪ ಯಾವತ್ತೋ ಬದಲಾಯಿಸಿದ್ದಿರಬೇಕು. ಅರ್ಧ ಗಂಟೆ ಅದನ್ನೇ ತಿರುಗಿಸಿ ನೋಡುತ್ತಾ ಕೂತಿದ್ದೆ.

ಇಷ್ಟರವರೆಗೆ ಐದಕ್ಕೆ ಐದು ಕೊಡುತ್ತಿದ್ದೆ.

ಆದರೆ ಈ ಉಪ್ಪಿಗೆ ತುಕ್ಕು ಯಾವುದು, ಸತು ಯಾವುದು ಅನ್ನುವ ವಿವೇಕ ಇಲ್ಲ. ಬೋಲ್ಟಿನ ಮೇಲೆ ಅಲ್ಲಲ್ಲಿ ಉಳಿದಿದ್ದ ಹಳದಿ ಸತುವಿನ ಲೇಪವನ್ನೂ ನೆಕ್ಕಿಬಿಡುತ್ತದೆ. ತಾನು ಸವೆದು ಉಕ್ಕನ್ನು ಕಾಯುತ್ತಿದ್ದದ್ದು ಆ ಸತುವೇ. ಮೊದಲ ಸಲ ತೊಳೆದು ಚಾವಡಿಯಲ್ಲಿ ಹರಡಿಟ್ಟು ಸ್ನಾನ ಮುಗಿಸಿ ಬರುವಷ್ಟರಲ್ಲಿ ಎಲ್ಲದರ ಮೇಲೂ ಕಿತ್ತಳೆ ಬಣ್ಣ ಕೂತಿತ್ತು. ಜುಲೈ ತಿಂಗಳು ಬೇರೆ. ಈಗ ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿ, ಕುದಿಯುವ ನೀರಿನಲ್ಲಿ ಜಾಲಿಸುತ್ತೇನೆ. ಆ ಬಿಸಿಗೆ ತಾನಾಗಿಯೇ ಒಣಗುತ್ತದೆ, ಕೈ ಸುಡುವಾಗಲೇ ಎಣ್ಣೆಗೆ ಹಾಕುತ್ತೇನೆ. ಇಷ್ಟು ಮಾಡಿದರೂ ಎಂಜಿನ್ ಬದಿಯ ಗ್ರೀಸು ಮೆತ್ತಿದ ಬೋಲ್ಟುಗಳು ಮಾತ್ರ ಉಳಿದವು. ನಂಬರ್ ಪ್ಲೇಟಿನವು, ಮಡ್‌ಗಾರ್ಡಿನವು ಮೊದಲ ಮಳೆಗಾಲದಲ್ಲೇ ಮತ್ತೆ ಕೆಂಪಾದವು.

ಪ್ಲೇಟಿಂಗ್, ಅಂದರೆ ಮತ್ತೆ ಸತುವಿನ ಲೇಪ, ಮಾಡಿಸೋಣವೆಂದು ಒಂದು ಹಿಡಿ ಬೋಲ್ಟು ಹಿಡಿದು ಮಂಗಳೂರಿಗೆ ಹೋದೆ. ಅಂಗಡಿಯವರು ನನ್ನ ಪ್ಲಾಸ್ಟಿಕ್ ಕವರ್ ನೋಡಿ ನಕ್ಕರು, ಐದು ಕೆಜಿಗಿಂತ ಕಡಿಮೆ ಮುಟ್ಟುವುದಿಲ್ಲವಂತೆ. ಬಸ್ಸಿನ ದುಡ್ಡು ದಂಡ. ಕೊನೆಗೆ ಹಳೇ ಬೈಕಿನ ಹುಚ್ಚಿರುವ ಇಬ್ಬರು ಗೆಳೆಯರ ಸಾಮಾನನ್ನೂ ಸೇರಿಸಿ ತೂಕ ಮಾಡಿಸಿಕೊಂಡೆ. ಹಳದಿ ಸತು ಹತ್ತಿಸಿಕೊಂಡು ವಾಪಸು ಬಂದ ಬೋಲ್ಟುಗಳು ಎರಡನೇ ಮಳೆಗಾಲ ಕಳೆದರೂ ಹಾಗೆಯೇ ಇವೆ.

ಹಾಗಾಗಿ ಮೂರೂವರೆ ಅಂಕ. ಪ್ಲೇಟಿಂಗ್ ಮಾಡಿಸುವುದು ಖಚಿತವಿದ್ದರೆ, ಅಥವಾ ಸದಾ ಎಣ್ಣೆಯಲ್ಲಿರುವ ಭಾಗವಾದರೆ, 180 ರೂಪಾಯಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಕಾರ್ಬ್ಯುರೇಟರನ್ನು ಮಾತ್ರ ಇದರಲ್ಲಿ ಅದ್ದಬೇಡಿ. ಸ್ಟ್ಯಾಂಡಿನ ಸ್ಪ್ರಿಂಗನ್ನೂ ನಾನು ಹಾಕುವುದಿಲ್ಲ. ಆಮ್ಲದಲ್ಲಿ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡಬಲ್ಲದು, ಅಂಥವಕ್ಕೆ ತಂತಿ ಬ್ರಶ್ಶೇ ಸರಿ.

ಪೊಟ್ಟಣದಲ್ಲಿ ಇನ್ನೂ ಕಾಲು ಕೆಜಿ ಇದೆ. ಸೈಲೆನ್ಸರ್ ಕ್ಲಾಂಪಿಗೆ ಅಂತ ಎತ್ತಿಟ್ಟಿದ್ದೆ, ನಿನ್ನೆ ನೋಡಿದರೆ ಅಡುಗೆಮನೆಯ ಕಪಾಟು ಸೇರಿದೆ. "ಹಾಲು ಒಡೆಸ್ಲಿಕ್ಕೆ ಬೇಕು ರೀ, ನಿಮ್ಮ ಬೋಲ್ಟಿಗೆ ಬೇರೆ ತನ್ನಿ" ಅಂತ ಅಪ್ಪಣೆಯಾಗಿದೆ.