ಚಳಿ ತಡೆಯುವ ದಾಳಿಂಬೆ ಅಂತ ಯಾರಾದರೂ ಗಿಡ ಮಾರೋಕೆ ಬಂದರೆ ಇದನ್ನು ಓದಿ

ಹೇಳೋಕೆ ನಾಚಿಕೆ ಆಗುತ್ತೆ. ಕಾಫಿ ಎಲೆ ನೋಡಿ ತಳಿ ಹೇಳುವವನು ನಾನು, ದಾಳಿಂಬೆ ಗಿಡದಲ್ಲಿ ಟೋಪಿ ಹಾಕಿಸಿಕೊಂಡೆ. ಒಂದಲ್ಲ, 30 ಗಿಡ. ಒಂದಕ್ಕೆ 450 ರೂಪಾಯಿ.

ನಮ್ಮದು ಆಲ್ದೂರು ಕಡೆ ತೋಟ. ಕಣದ ಪಕ್ಕ ಸ್ವಲ್ಪ ಜಾಗ ಖಾಲಿ ಇತ್ತು. 2022ರ ಜೂನ್‌ನಲ್ಲಿ ಚಿಕ್ಕಮಗಳೂರಿನ ಒಂದು ನರ್ಸರಿಯವನು ಮೊಬೈಲ್‌ನಲ್ಲಿ ಫೋಟೊ ತೋರಿಸಿದ. "ಸಲವಾಟ್ಸ್ಕಿ ಸರ್, ತುರ್ಕಮೆನಿಸ್ತಾನದ ಕಡೆ ತಳಿ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋದ್ರೂ ಸಾಯಲ್ಲ. ಹಣ್ಣು ದಪ್ಪ, ಕಾಳು ಕಡುಗೆಂಪು, ಬೀಜ ಬಾಯಲ್ಲಿ ಕರಗುತ್ತೆ."

ನಮ್ಮೂರಲ್ಲಿ ಯಾವತ್ತು ಸೊನ್ನೆಗೆ ಇಳಿದಿದೆ ಸ್ವಾಮಿ? ಜನವರಿಯಲ್ಲಿ ಬೆಳಿಗ್ಗೆ ಸ್ವೆಟರ್ ಹಾಕುತ್ತೇವೆ, ಅಷ್ಟೆ. ಇಲ್ಲಿ ದಾಳಿಂಬೆಯನ್ನು ಕೊಲ್ಲೋದು ಚಳಿ ಅಲ್ಲ, ಮಳೆ. ಮಳೆ! ಅದಕ್ಕೇ ಅಲ್ವಾ ಈ ಬೆಳೆ ವಿಜಯಪುರ, ಬಾಗಲಕೋಟೆ, ಚಿತ್ರದುರ್ಗದ ಒಣ ನೆಲದಲ್ಲಿರೋದು. ಗೊತ್ತಿದ್ದೂ ಬಿದ್ದೆ. ಎರಡು ಮಳೆಗಾಲದಲ್ಲಿ ಎಲೆ ತುಂಬ ಎಣ್ಣೆ ಸಿಡಿದ ಹಾಗೆ ಕಪ್ಪು ಚುಕ್ಕೆ, ಅಂಗಮಾರಿ ರೋಗ. 19 ಗಿಡ ಹೋದವು.

ಉಳಿದ 11ರಲ್ಲಿ 2025ರ ಯುಗಾದಿ ಹೊತ್ತಿಗೆ ಹಣ್ಣು. ಬೀಗರು ಬಂದಿದ್ದರು. ನಾನೇ ಜಂಬದಿಂದ ಎಲ್ಲರೆದುರು ಒಂದನ್ನು ಕತ್ತರಿಸಿದೆ. ಒಳಗೆ ಕಾಳು ಬೆಳ್ಳಗೆ, ಅಲ್ಲಲ್ಲಿ ಗುಲಾಬಿ. ಬೀಗಿತಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು. ಕಟಕ್ ಅಂತ ಸದ್ದು. ಒಂದು ಕಣ್ಣು ಮುಚ್ಚಿಕೊಂಡರು, ಮೆಲ್ಲಗೆ ಬೀಜ ಅಂಗೈಗೆ ಉಗಿದು, ಸೆರಗಿನಡಿ ಕೈ ಇಟ್ಟುಕೊಂಡರು. "ಚೆನ್ನಾಗಿದೆ ಅಣ್ಣಾವ್ರೆ" ಅಂದರು. ಆಗ ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಆಮೇಲೆ ಒಂದೊಂದೇ ಗಿಡದ ಹಣ್ಣು ಕಿತ್ತು ನೋಡಿದೆ. ಒಂದರದು ನಿಂಬೆ ಗಾತ್ರ, ಇನ್ನೊಂದರದು ಹಳದಿ ಸಿಪ್ಪೆ, ಮತ್ತೊಂದು ಹುಣಸೆಗಿಂತ ಹುಳಿ. ಒಂದರ ಹಾಗೆ ಇನ್ನೊಂದಿಲ್ಲ. ಕಡ್ಡಿ ನೆಟ್ಟೋ, ಗೂಟಿ ಕಟ್ಟಿಯೋ (ಅಂದರೆ ಮರದ ಮೇಲೇ ಕೊಂಬೆಗೆ ಬೇರು ಬರಿಸಿ) ಮಾಡಿದ ಗಿಡವಾದರೆ ಎಲ್ಲಾ ತಾಯಿಯ ಹಾಗೇ ಇರಬೇಕು. ಪುಣ್ಯಾತ್ಮ ಯಾವುದೋ ಹಣ್ಣಿನ ಬೀಜ ಮೊಳಕೆ ಹಾಕಿ ಮಾರಿದ್ದಾನೆ! ಇನ್ನೊಂದು ಆಮೇಲೆ ತಿಳಿಯಿತು: ನಿಜವಾದ ಸಲವಾಟ್ಸ್ಕಿಗೂ ಬೀಜ ಗಟ್ಟಿಯೇ, ಜ್ಯೂಸ್‌ಗೆ ಸರಿ. ಬೀಜ ಮೆತ್ತಗೆ ಬೇಕಾದರೆ ಭಗವಾ, ಗಣೇಶ್ ತಳಿ. ಕರಗುತ್ತಂತೆ, ಕರಗುತ್ತೆ!

ಫೋನ್ ಮಾಡಿದೆ. "ನಿಮ್ಮ ಮಣ್ಣು ಹುಳಿ ಸರ್, ಅದಕ್ಕೆ ಹಣ್ಣೂ ಹುಳಿ" ಅಂದ. ಬೀಜ ಗಟ್ಟಿ ಅಂದೆ. "ನಾರಿನಂಶ ಸರ್, ಆರೋಗ್ಯಕ್ಕೆ ಒಳ್ಳೇದು." 19 ಗಿಡ ಸತ್ತವಲ್ಲಯ್ಯಾ ಅಂದೆ. ಅದಕ್ಕೆ ಅವನು, "ಚಳಿಗೆ ಒಂದಾದ್ರೂ ಸತ್ತಿತಾ ಸರ್?" ಅಂದ. ನನ್ನ ಬಾಯಿ ಕಟ್ಟಿತು. ಈಗ ಫೋನ್ ಎತ್ತೋದೂ ಇಲ್ಲ.

ಬಿಲ್‌ನಲ್ಲಿ ತಳಿಯ ಹೆಸರು ಬರೆಸಿಕೊಳ್ಳಿ. ನನ್ನದರಲ್ಲಿ ಬರೀ 'ಹಣ್ಣಿನ ಗಿಡ' ಅಂತಿದೆ, ಯಾರ ಹತ್ತಿರ ಹೋಗಲಿ? ತಾಯಿಗಿಡ ತೋರಿಸು ಅನ್ನಿ, ತೋರಿಸದಿದ್ದರೆ ಎದ್ದು ಬನ್ನಿ. ಮಲೆನಾಡಲ್ಲಿ ಚಳಿ ಮಾತು ತೆಗೆದರಂತೂ ಕೂರಲೇಬೇಡಿ.

ಉಳಿದವನ್ನು ಕಡಿಸಬೇಕು ಅಂತಿದ್ದೆ. ನಮ್ಮ ಮನೆಯವಳು ಬಿಡಲಿಲ್ಲ, ಸಿಪ್ಪೆ ಒಣಗಿಸಿ ತಂಬುಳಿ ಮಾಡುತ್ತಾಳೆ. ಬಡಿಸುವಾಗೆಲ್ಲ, "ಇನ್ನೊಂದು ಸೌಟು ಹಾಕ್ಲಾ? ಹದಿಮೂರೂವರೆ ಸಾವಿರದ್ದು" ಅನ್ನುತ್ತಾಳೆ.